ಡ್ರೈಯರಿನ ಹಿಂದಿನ ಗೋಡೆ: ಅನಿಲ, ವಿದ್ಯುತ್ತು ಮತ್ತು ಒಂದು ಆಯ್ಕೆಯ ಇತಿಹಾಸ

ಅಮೆರಿಕದಲ್ಲಿ ಮೊದಲ ಮನೆಯನ್ನು ಕೊಳ್ಳುವ ನಮ್ಮ ಕುಟುಂಬಗಳು ಶಾಲೆಯ ದೂರವನ್ನೂ ಅಡುಗೆಮನೆಯ ದಿಕ್ಕನ್ನೂ ವಿಚಾರಿಸುವಷ್ಟು ಶ್ರದ್ಧೆಯಿಂದ ಬಟ್ಟೆ ಒಗೆಯುವ ಕೋಣೆಯ ಗೋಡೆಯನ್ನು ನೋಡುವುದಿಲ್ಲ. ಹಳೆಯ ಡ್ರೈಯರ್ ಕೆಟ್ಟು ನಿಂತ ದಿನ ಆ ಗೋಡೆಯ ಮಹತ್ವ ತಿಳಿಯುತ್ತದೆ. ಅಲ್ಲಿ ಅನಿಲದ ಕೊಳವೆ ಇದ್ದರೆ ಒಂದು ಬಗೆಯ ಯಂತ್ರ, 240 ವೋಲ್ಟಿನ ದೊಡ್ಡ ಸಾಕೆಟ್ ಇದ್ದರೆ ಇನ್ನೊಂದು ಬಗೆಯ ಯಂತ್ರ. ಎರಡರಲ್ಲಿ ಯಾವುದು ಮೇಲು ಎಂದು ನಾವು ತರ್ಕಿಸುತ್ತೇವೆ. ಆದರೆ ಹೆಚ್ಚಿನ ಮನೆಗಳಲ್ಲಿ ಆ ತೀರ್ಮಾನ ನಾವು ಈ ದೇಶಕ್ಕೆ ಬರುವ ಮೊದಲೇ ಆಗಿಹೋಗಿರುತ್ತದೆ. ಅದನ್ನು ಮಾಡಿದವರು ಯಾರು, ಏಕೆ ಮಾಡಿದರು ಎಂಬುದು ಒಂದು ಸ್ವಾರಸ್ಯಕರ ಇತಿಹಾಸ.

ಬಟ್ಟೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಯಂತ್ರದ ಮೊದಲ ಕಲ್ಪನೆಯನ್ನು ಸಾಮಾನ್ಯವಾಗಿ 1800ರ ಸುಮಾರಿನ ಪೋಷೋನ್ ಎಂಬ ಫ್ರೆಂಚ್ ವ್ಯಕ್ತಿಗೆ ಸಲ್ಲಿಸುತ್ತಾರೆ. ತೂತುಗಳುಳ್ಳ ಲೋಹದ ಪೀಪಾಯಿಯಲ್ಲಿ ಹಿಂಡಿದ ಬಟ್ಟೆಯನ್ನು ತುಂಬಿ, ಬೆಂಕಿಯ ಮೇಲಿಟ್ಟು ಕೈಯಿಂದ ತಿರುಗಿಸುವ ಸಾಧನವದು. ಬಟ್ಟೆ ಒಣಗುತ್ತಿತ್ತು, ಆದರೆ ಹೊಗೆಯ ವಾಸನೆ ಹಿಡಿಯುತ್ತಿತ್ತು. ಎಚ್ಚರ ತಪ್ಪಿದರೆ ಸೀದೂ ಹೋಗುತ್ತಿತ್ತು. 1892ರಲ್ಲಿ ಓಹಾಯೋ ರಾಜ್ಯದ ಡೇಟನ್ ನಗರದ ಆಫ್ರಿಕನ್ ಅಮೆರಿಕನ್ ಸಂಶೋಧಕ ಜಾರ್ಜ್ ಸ್ಯಾಂಪ್ಸನ್ ಒಲೆಯ ಕಾವನ್ನೇ ಬಳಸಿಕೊಳ್ಳುವ ಚೌಕಟ್ಟುಗಳಿಗೆ ಪೇಟೆಂಟ್ ಪಡೆದರು. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಗಳು ಕಟ್ಟಿ ಬಟ್ಟೆ ಒಣಗಿಸಿದ ಮನೆಗಳಿಂದ ಬಂದವರಿಗೆ ಈ ಯೋಚನೆ ಹೊಸದೆನಿಸದು. ಆ ಹೊಗೆಯ ವಾಸನೆಯೂ ಅವರಿಗೆ ಪರಿಚಿತವೇ.

ಇಂದಿನ ಡ್ರೈಯರಿನ ಕಥೆ ಆರಂಭವಾಗುವುದು ಉತ್ತರ ಡಕೋಟದ ಚಳಿಯಲ್ಲಿ. ತಂತಿಗೆ ಹಾಕಿದ ಬಟ್ಟೆ ಹಲಗೆಯಂತೆ ಸೆಟೆದು ನಿಲ್ಲುವ ಆ ನಾಡಿನಲ್ಲಿ ಜೆ. ರಾಸ್ ಮೂರ್ ಎಂಬವರು ಮೊದಲು ಒಂದು ಕೊಟ್ಟಿಗೆಯಲ್ಲಿ ಒಲೆ ಹೂಡಿ ಬಟ್ಟೆ ಒಣಗಿಸಿದರು. ಅನಂತರ ತಿರುಗುವ ಪೀಪಾಯಿಯ ಯಂತ್ರವನ್ನು ರೂಪಿಸಿದರು. ಅದನ್ನು ತಯಾರಿಸಲು ಒಪ್ಪಿದ್ದು ವಿಸ್ಕಾನ್ಸಿನ್ ರಾಜ್ಯದ ಟೂ ರಿವರ್ಸ್ ಊರಿನ ಹ್ಯಾಮಿಲ್ಟನ್ ಕಂಪನಿ. ಮುದ್ರಣಾಲಯಗಳಿಗೆ ಮರದ ಅಚ್ಚುಮೊಳೆಗಳನ್ನು ಮಾಡಿ ಹೆಸರಾಗಿದ್ದ ಸಂಸ್ಥೆಯದು. 1938ರಲ್ಲಿ ಯಂತ್ರ 'ಜೂನ್ ಡೇ' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಚಳಿಗಾಲದಲ್ಲೂ ಜೂನ್ ತಿಂಗಳ ಬಿಸಿಲು ಎಂಬುದು ಆ ಹೆಸರಿನ ಭರವಸೆ. ಮಿಲ್ವಾಕಿಯ ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್ ಬಾಗಿಲಿಗೆ ಗಾಜಿನ ಕಿಟಕಿ ಇರಿಸಬೇಕೆಂದೂ, ಅಂಗಡಿಗಳಲ್ಲಿ ಅದರೊಳಗೆ ಬಣ್ಣಬಣ್ಣದ ಚಡ್ಡಿಗಳನ್ನು ಹಾಕಿ ತಿರುಗಿಸಬೇಕೆಂದೂ ಸೂಚಿಸಿದರು. ಒಳಗೆ ನಡೆಯುವುದು ಕಾಣದಿದ್ದರೆ ಜನ ಈ ಪೆಟ್ಟಿಗೆಯನ್ನು ಕೊಳ್ಳುವುದಿಲ್ಲ ಎಂಬುದು ಅವರ ಅನುಭವದ ಮಾತು.

ಅನಿಲ ಮತ್ತು ವಿದ್ಯುತ್ತು ಎರಡೂ ಹೀಗೆ ಆರಂಭದಿಂದಲೇ ಸ್ಪರ್ಧಿಗಳು. ಯಾವ ಊರಿನಲ್ಲಿ ಯಾವುದು ಗೆದ್ದಿತು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಯಂತ್ರದ ಗುಣವಲ್ಲ, ಆ ಊರಿಗೆ ಅಗ್ಗವಾಗಿ ಏನು ತಲುಪುತ್ತಿತ್ತು ಎಂಬುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಟೆಕ್ಸಸ್ ಕಡೆಯಿಂದ ಪೂರ್ವ ಕರಾವಳಿಗೆ ತೈಲ ಸಾಗಿಸಲು 'ಬಿಗ್ ಇಂಚ್' ಮತ್ತು 'ಲಿಟಲ್ ಬಿಗ್ ಇಂಚ್' ಎಂಬ ಕೊಳವೆಮಾರ್ಗಗಳನ್ನು ಹಾಕಲಾಯಿತು. 1947ರಲ್ಲಿ ಸರ್ಕಾರ ಅವುಗಳನ್ನು ಖಾಸಗಿಯವರಿಗೆ ಮಾರಿತು, ಅವುಗಳಲ್ಲಿ ನೈಸರ್ಗಿಕ ಅನಿಲ ಹರಿಯತೊಡಗಿತು. ಅದುವರೆಗೆ ಕಲ್ಲಿದ್ದಲಿನಿಂದ ತಯಾರಿಸಿದ ಅನಿಲವನ್ನು ಬಳಸುತ್ತಿದ್ದ ಪೂರ್ವದ ನಗರಗಳಿಗೆ ಅಗ್ಗದ ಇಂಧನ ಮನೆಬಾಗಿಲಿಗೆ ಬಂದಂತಾಯಿತು. ಇತ್ತ ಟೆನೆಸಿ ಕಣಿವೆಯಲ್ಲಿಯೂ ವಾಯವ್ಯದ ಕೊಲಂಬಿಯಾ ನದಿಯ ಸೀಮೆಯಲ್ಲಿಯೂ 1930ರ ದಶಕದಿಂದ ಕಟ್ಟಿದ ಅಣೆಕಟ್ಟುಗಳು ಅಗ್ಗದ ವಿದ್ಯುತ್ತನ್ನು ಒದಗಿಸಿದವು. ಸಿಯಾಟಲ್‌ನಲ್ಲಿ ನೆಲೆಸಿದ ಕನ್ನಡಿಗರಿಗೂ ಚಿಕಾಗೋದ ಕನ್ನಡಿಗರಿಗೂ ಈ ವಿಷಯದಲ್ಲಿ ಒಮ್ಮತ ಇಲ್ಲದಿದ್ದರೆ ಅದಕ್ಕೆ ಇಂತಹ ಕಾರಣಗಳಿವೆ.

ಅಗ್ಗದ ಜತೆಗೆ ಪ್ರಚಾರವೂ ಕೂಡಿಕೊಂಡಿತು. 1950ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್, ವೆಸ್ಟಿಂಗ್‌ಹೌಸ್ ಮೊದಲಾದ ಕಂಪನಿಗಳು ವಿದ್ಯುತ್ತಿನಿಂದ ಉತ್ತಮ ಬದುಕು ಎಂಬ ಆಂದೋಲನವನ್ನು ಹೂಡಿದವು. 1957ರಿಂದ ಎಲ್ಲವನ್ನೂ ವಿದ್ಯುತ್ತಿನಲ್ಲೇ ನಡೆಸುವ ಹೊಸ ಮನೆಗಳಿಗೆ 'ಗೋಲ್ಡ್ ಮೆಡಾಲಿಯನ್' ಬಿರುದು ದೊರೆಯತೊಡಗಿತು. ಆ ಕಾಲದ ಕೆಲವು ಮನೆಗಳ ಹೆಬ್ಬಾಗಿಲ ಬಳಿ ಹಿತ್ತಾಳೆಯ ಬಿಲ್ಲೆ ಇಂದಿಗೂ ಉಳಿದಿದೆ. ಅನಿಲ ಕಂಪನಿಗಳೂ ಸುಮ್ಮನಿರಲಿಲ್ಲ; ಜ್ವಾಲೆಯ ವೇಗವನ್ನೂ ಮಿತವ್ಯಯವನ್ನೂ ಅವು ಸಾರಿದವು.

ಮೂರನೆಯ ಶಕ್ತಿ ಕಾನೂನಿನದು. 1954ರಲ್ಲಿ ಸುಪ್ರೀಂ ಕೋರ್ಟು ರಾಜ್ಯದಿಂದ ರಾಜ್ಯಕ್ಕೆ ಹೋಗುವ ಅನಿಲದ ಬೆಲೆಯನ್ನು ಬಾವಿಯ ಬಾಯಲ್ಲೇ ಕೇಂದ್ರ ಸರ್ಕಾರ ನಿಯಂತ್ರಿಸಬೇಕೆಂದು ತೀರ್ಪಿತ್ತಿತು. ಬೆಲೆ ತಗ್ಗಿ ನಿಂತಿತು, ಬೇಡಿಕೆ ಏರಿತು, ಹೊಸ ಬಾವಿ ತೋಡುವ ಉತ್ಸಾಹ ಕುಂದಿತು. 1970ರ ದಶಕದಲ್ಲಿ ಅನಿಲದ ಅಭಾವ ತಲೆದೋರಿ, ಅನೇಕ ಕಡೆ ಹೊಸ ಮನೆಗಳಿಗೆ ಅನಿಲದ ಸಂಪರ್ಕವನ್ನೇ ನಿಲ್ಲಿಸಲಾಯಿತು. 1977ರ ಭೀಕರ ಚಳಿಗಾಲದಲ್ಲಿ ಕಾರ್ಖಾನೆಗಳೂ ಶಾಲೆಗಳೂ ಮುಚ್ಚಿದವು. 1978ರ ಕಾಯಿದೆ ಬೆಲೆಯ ಕಟ್ಟನ್ನು ಕ್ರಮೇಣ ಸಡಿಲಿಸಿತು. ಆದರೆ ಆ ನಡುವೆ ಕಟ್ಟಿದ ಎಷ್ಟೋ ಮನೆಗಳು ವಿದ್ಯುತ್ತಿನ ಮನೆಗಳಾಗಿಯೇ ಉಳಿದವು. ಇಂದು ಈ ದೇಶದ ಡ್ರೈಯರುಗಳಲ್ಲಿ ಬಹುಪಾಲು ವಿದ್ಯುತ್ತಿನವು.

ಹಾಗಾದರೆ ಯಂತ್ರಗಳ ಅಂತರವೇನು? ಪೀಪಾಯಿ, ಬೀಸಣಿಗೆ, ಮೋಟಾರು ಎರಡರಲ್ಲೂ ಒಂದೇ. ವಿದ್ಯುತ್ತಿನ ಯಂತ್ರದಲ್ಲಿ ಸುಮಾರು 5,000 ವ್ಯಾಟಿನ ಸುರುಳಿ ಗಾಳಿಯನ್ನು ಕಾಯಿಸುತ್ತದೆ. ಅನಿಲದ ಯಂತ್ರದಲ್ಲಿ ಸಣ್ಣ ಜ್ವಾಲೆ ಆ ಕೆಲಸ ಮಾಡುತ್ತದೆ, ಮೋಟಾರಿಗೆ ಸಾಧಾರಣ 120 ವೋಲ್ಟು ಸಾಕು. ಹಳೆಯ ಅನಿಲದ ಯಂತ್ರಗಳಲ್ಲಿ ಹಗಲಿರುಳು ಉರಿಯುವ ಕಿರುಜ್ವಾಲೆ ಇರುತ್ತಿತ್ತು; 1987ರ ಕಾಯಿದೆಯ ಫಲವಾಗಿ 1988ರಿಂದ ಹೊಸ ಯಂತ್ರಗಳಲ್ಲಿ ಅದು ನಿಂತಿತು. ಒಂದು ಲೀಟರ್ ನೀರನ್ನು ಆವಿಯಾಗಿಸಲು ಸುಮಾರು 0.65 ಯೂನಿಟ್ಟಿನಷ್ಟು ಶಾಖ ಬೇಕು. ಇದು ನಿಸರ್ಗದ ನಿಯಮ, ಇಂಧನ ಯಾವುದಾದರೂ ಬದಲಾಗದು. ಆದ್ದರಿಂದ ಒಗೆಯುವ ಯಂತ್ರ ಚೆನ್ನಾಗಿ ಹಿಂಡಿದಷ್ಟೂ ಎರಡರಲ್ಲಿಯೂ ಖರ್ಚು ಇಳಿಯುತ್ತದೆ. ಅನಿಲದ ಯಂತ್ರಕ್ಕೆ ಬೆಲೆ ತುಸು ಹೆಚ್ಚು. ಆದರೆ ಅನಿಲ ಅಗ್ಗವಿರುವ ಊರಿನಲ್ಲಿ ಪ್ರತಿ ಸಲದ ಖರ್ಚು ಕಡಿಮೆ. ಕೊಳವೆಯಿಲ್ಲದ ಗೋಡೆಗೆ ಹೊಸದಾಗಿ ಕೊಳವೆ ಎಳೆಸಿದರೆ ಆ ಉಳಿತಾಯ ಹಲವು ವರ್ಷಗಳವರೆಗೆ ಕೈಗೆ ಹತ್ತದು.

ಸುರಕ್ಷತೆಯ ಮಾತನ್ನು ಲಘುವಾಗಿ ಎಣಿಸಬಾರದು. ಅನಿಲದ ಯಂತ್ರದ ಹೊರಗೊಳವೆ ಕಟ್ಟಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ತುಂಬಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿಯ ಅಪಾಯ ಎರಡಕ್ಕೂ ಸಮಾನ. ಅಮೆರಿಕದ ಅಗ್ನಿಶಾಮಕ ಆಡಳಿತದ ಅಂದಾಜಿನಂತೆ 2008ರಿಂದ 2010ರ ಅವಧಿಯಲ್ಲಿ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರಿನಿಂದ ಬೆಂಕಿ ಹೊತ್ತಿತು. ಮುಖ್ಯ ಕಾರಣ, ಬಟ್ಟೆಯ ನವಿರು ಧೂಳನ್ನು ಸ್ವಚ್ಛಗೊಳಿಸದಿರುವುದು.

ಈಗ ಹಳೆಯ ಪೈಪೋಟಿಗೆ ಹೊಸ ಅಧ್ಯಾಯ ಸೇರಿದೆ. ವಿದ್ಯುದಾಗಾರದಲ್ಲಿ ಇಂಧನ ಉರಿಸಿ, ಮೂರನೆಯ ಎರಡರಷ್ಟು ಶಾಖವನ್ನು ಕಳೆದುಕೊಂಡು, ಉಳಿದುದನ್ನು ತಂತಿಯಲ್ಲಿ ಕಳುಹಿಸುತ್ತಿದ್ದ ಕಾಲದಲ್ಲಿ ಮನೆಯಲ್ಲೇ ಅನಿಲ ಉರಿಸುವುದು ಜಾಣತನವೆನಿಸಿತ್ತು. ಗಾಳಿ, ಬಿಸಿಲುಗಳ ವಿದ್ಯುತ್ತು ಹೆಚ್ಚಿದಂತೆ ಆ ವಾದ ದುರ್ಬಲವಾಗುತ್ತಿದೆ. 2019ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ ಹೊಸ ಕಟ್ಟಡಗಳಿಗೆ ಅನಿಲದ ಕೊಳವೆಯನ್ನು ನಿಷೇಧಿಸಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಯೂರೋಪಿನಲ್ಲಿ 1990ರ ದಶಕದಲ್ಲೇ ಬಂದಿದ್ದ ಹೀಟ್ ಪಂಪ್ ಡ್ರೈಯರ್ ಈಗ ಇಲ್ಲಿನ ಅಂಗಡಿಗಳಲ್ಲೂ ದೊರೆಯುತ್ತದೆ. ಅದು ಬಿಸಿಗಾಳಿಯನ್ನು ಹೊರಗೆ ಚೆಲ್ಲದೆ ಅದೇ ಶಾಖವನ್ನು ಮತ್ತೆ ಮತ್ತೆ ಬಳಸುತ್ತದೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಕಾವು ಮೆದುವಾಗಿರುವುದರಿಂದ ಬಟ್ಟೆ ಬೇಗ ಸವೆಯದು.

ಇವೆಲ್ಲಕ್ಕೂ ಹಿರಿದಾದ ಮೂರನೆಯ ದಾರಿ ಬಿಸಿಲು. ಅದನ್ನೂ ಈ ದೇಶದ ಅನೇಕ ಬಡಾವಣೆಗಳ ಸಂಘಗಳು ಅಂದಗೇಡೆಂದು ನಿಷೇಧಿಸಿದ್ದವು. ಫ್ಲೋರಿಡಾ, ಮೇನ್, ವರ್ಮಾಂಟ್, ಕ್ಯಾಲಿಫೋರ್ನಿಯಾ ಮೊದಲಾದ ರಾಜ್ಯಗಳು ಬಟ್ಟೆ ಒಣಹಾಕುವ ಹಕ್ಕನ್ನು ಕಾನೂನಿನಿಂದಲೇ ಕಾಯಬೇಕಾಯಿತು.

ಆದ್ದರಿಂದ ಹೊಸ ಯಂತ್ರ ಕೊಳ್ಳುವ ಸದಸ್ಯರಲ್ಲಿ ಒಂದು ವಿನಂತಿ. ಅಂಗಡಿಗೆ ಹೋಗುವ ಮೊದಲು ಹಳೆಯ ಯಂತ್ರವನ್ನು ಮುಂದಕ್ಕೆ ಎಳೆದು ಗೋಡೆಯನ್ನು ನೋಡಿರಿ. ಕೊಳವೆ ಇದೆಯೇ? ಸಾಕೆಟ್ಟಿಗೆ ಮೂರು ಕಿಂಡಿಗಳೇ, 1996ರ ವಿದ್ಯುತ್ ಸಂಹಿತೆಯ ನಂತರದ ನಾಲ್ಕೇ? ಹೊರಗೊಳವೆಯಲ್ಲಿ ಎಷ್ಟು ಧೂಳು ಕುಳಿತಿದೆ? ನಿಮ್ಮ ಊರಿನ ಅನಿಲ ಮತ್ತು ವಿದ್ಯುತ್ತಿನ ದರಗಳನ್ನು ಪಕ್ಕದಲ್ಲಿಟ್ಟು ಲೆಕ್ಕ ಹಾಕಿರಿ. ಅನಿಲದ ಯಂತ್ರವನ್ನೇ ಆರಿಸಿದರೆ ಕಾರ್ಬನ್ ಮೊನಾಕ್ಸೈಡಿನ ಎಚ್ಚರಿಕೆ ಗಂಟೆಯನ್ನು ಮರೆಯದಿರಿ. ಇನ್ನು ಅಮ್ಮ ಕಳುಹಿಸಿದ ಇಳಕಲ್ ಸೀರೆಯನ್ನು ಈ ಎರಡರ ಬಾಯಿಗೂ ಹಾಕದೆ, ನೆರಳಿನಲ್ಲಿ ತಂತಿಯ ಮೇಲೆ ಹರವಿರಿ.