ತೋಟದ ಲೈನು

ನಮ್ಮ ದೇಶದಲ್ಲಿ ಮೈಲಿಗಟ್ಟಲೆ ತಂತಿ ಎಳೆದು ಸಂಕೇತ ಕಳಿಸಿ ನೋಡಿದ್ದು ಮೊದಲು ಒಂದು ತೋಟದ ಮಗ್ಗುಲಲ್ಲಿ. 1839ರ ಏಪ್ರಿಲ್, ಮೇ ತಿಂಗಳಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಹತ್ತಿರ ವಿಲಿಯಂ ಓಶಾನೆಸ್ಸಿ ಎಂಬ ಡಾಕ್ಟರು ಬಿದಿರು ನೆಟ್ಟು 21 ಮೈಲಿ ತಂತಿ ಹಾಯಿಸಿದರು. ಸಂಕೇತ ಓದುವ ಯಂತ್ರ ಗಿಂತ್ರ ಇರಲಿಲ್ಲ. ತಂತಿಗೆ ಬೆರಳಿಟ್ಟು, ತಗುಲುವ ಶಾಕನ್ನೇ ಲೆಕ್ಕ ಹಾಕುವುದು. 1851ರಲ್ಲಿ ಡೈಮಂಡ್ ಹಾರ್ಬರಿಗೆ ಲೈನ್ ಎಳೆಯುವಾಗ ಸಣ್ಣ ತಂತಿ ಬಿಟ್ಟು ದಪ್ಪ ಕಬ್ಬಿಣದ ಸರಳನ್ನೇ ಹಾಕಿದರಂತೆ. ಮಂಗ ಜೋತರೂ, ಹಕ್ಕಿ ಕೂತರೂ ತಡೆಯಬೇಕಲ್ಲ. ಮಲೆನಾಡಿನ ಲೈನ್‌ಮನ್‌ಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಟೆಲಿಫೋನ್ ಲೈನ್‌ಮನ್ ಆಗಿ ಕೆಲಸಕ್ಕೆ ಸೇರಿದಾಗ ನಮ್ಮ ಹಿರಿಯರೂ ಬೆರಳಲ್ಲೇ ಓದುತ್ತಿದ್ದರು. ಮೀಟರು ಆಫೀಸಿನ ಬೀರುವಿನಲ್ಲಿ, ಲೈನ್‌ಮನ್ ಕಂಬದ ಮೇಲೆ. ಬೆರಳು ಒದ್ದೆ ಮಾಡಿಕೊಂಡು ಎರಡು ತಂತಿ ಮುಟ್ಟಿದರೆ ಎಕ್ಸ್‌ಚೇಂಜಿನ ಬ್ಯಾಟರಿಯ 48 ವೋಲ್ಟು ಜುಮ್ಮೆನ್ನುತ್ತಿತ್ತು. ಅದೇ ಗಳಿಗೆಗೆ ಯಾರಾದರೂ ಆ ನಂಬರಿಗೆ ಫೋನು ಹಚ್ಚಿದರೆ 75 ವೋಲ್ಟಿನ ರಿಂಗು ಬಂದು ಮೇಲಿಂದ ಬೈಗುಳ ಉದುರುತ್ತಿತ್ತು. ಆ ಬ್ಯಾಟರಿಯ ಪ್ಲಸ್ಸನ್ನು ನೆಲಕ್ಕೆ ಕೊಡುತ್ತಾರೆ, ಮೈನಸ್ಸು ಲೈನಿಗೆ. ನೀರು ಹೊಕ್ಕ ಕೇಬಲ್ಲಿನಲ್ಲಿ ತಾಮ್ರ ಸವೆಯುವುದು ಇದರಿಂದ ತಗ್ಗುತ್ತದೆ. ಮಳೆಗಾಲ ಕಂಡವರು ಮಾಡಿದ ಏರ್ಪಾಡು.

ಫಾಲ್ಟ್ ಹುಡುಕುವುದೆಂದರೆ ಲೈನನ್ನು ಅರ್ಧಕ್ಕೆ ಕಡಿದು ನೋಡುವುದು. ಎಕ್ಸ್‌ಚೇಂಜು, ರಸ್ತೆ ಬದಿಯ ಪಿಲ್ಲರು, ಕಂಬದ ಡಿಪಿ ಪೆಟ್ಟಿಗೆ, ಆಮೇಲೆ ಮನೆ. ಡಿಪಿಯಲ್ಲಿ ಡಯಲ್ ಟೋನ್ ಇದ್ದರೆ ಹಿಂದಿನದೆಲ್ಲ ಸರಿ, ಮುಂದಕ್ಕೆ ನಡೆ. ನೆಲದೊಳಗಿನ ಕೇಬಲ್ಲಿಗೆ ಮಾತ್ರ ಮರ್ರೇ ಲೂಪ್ ಬೇಕು: ಕೆಟ್ಟ ತಂತಿಯನ್ನೂ ಒಳ್ಳೆಯದನ್ನೂ ಆ ತುದಿಯಲ್ಲಿ ಸೇರಿಸಿ, ಈ ತುದಿಯಲ್ಲಿ ಬ್ರಿಡ್ಜ್ ಮುಳ್ಳನ್ನು ಸೊನ್ನೆಗೆ ತಂದರೆ ಫಾಲ್ಟು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಸಿಗುತ್ತದೆ. ಅಗೆಯುವ ಆಳಿನ ಕೂಲಿ ಉಳಿಯಿತು.

1986ರಲ್ಲಿ ಕಿತ್ತೂರಿಗೆ ಸರ್ಕಾರದ ಸಿ-ಡಾಟ್ ಸಂಸ್ಥೆಯವರ 128 ಪೋರ್ಟಿನ ಎಕ್ಸ್‌ಚೇಂಜು ಬಂತು. ದೇಶದಲ್ಲಿ ಆ ಮಾದರಿಯ ಮೊದಲನೆಯದು ಅದೇ, ಎಸಿ ಇಲ್ಲದೆ ಹಳ್ಳಿಯ ಧೂಳಿನಲ್ಲೂ ನಡೆಯಲೆಂದು ಮಾಡಿದ್ದು. ಎಕ್ಸ್‌ಚೇಂಜು ಡಿಜಿಟಲ್ ಆಯಿತು, ಹೊರಗಿನ ತಾಮ್ರದ ಜೋಡಿ ತಂತಿ, ಅಂದರೆ ಪೇರ್, ಹಾಗೇ ಉಳಿಯಿತು. 2005ರಲ್ಲಿ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ಬಂದಾಗಲೂ ಓಡಿದ್ದು ಅದೇ ಪೇರಿನ ಮೇಲೆ. ಮಾತಿಗೆ ಸಾಕಾಗುತ್ತಿದ್ದ ಸಡಿಲ ಜಾಯಿಂಟು ಇಂಟರ್‌ನೆಟ್ಟಿಗೆ ಸಾಕಾಗಲಿಲ್ಲ. ಲೈನ್‌ಮನ್ನರ ಸೋಮಾರಿತನ ಬಯಲಿಗೆ ಬಿದ್ದದ್ದು ಆಗ.

ಈಗ ನನ್ನನ್ನು ಕರೆಯುವವರು ಬೆಂಗಳೂರಿನ ಕಂಪನಿಗೆ ಊರಿಂದಲೇ ದುಡಿಯುವ ಹುಡುಗರು. 2020ರಿಂದೀಚೆಗೆ ಅಡಿಕೆ ತೋಟದ ಅಂಚಿಗೆ, ಪಂಪ್‌ಸೆಟ್ಟಿನ ಕೋಣೆಯ ಮಗ್ಗುಲಿಗೆ, ಒಂದೊಂದು ಆಫೀಸು ಎದ್ದಿದೆ. ಮನೆಯಿಂದ ಅಲ್ಲಿಗೆ ನೀಲಿ ಕೇಬಲ್ ಎಳೆದಿರುತ್ತಾರೆ. “ಮಾವ, ಎಲ್ಲಾ ಹೊಸದೇ ಹಾಕಿದ್ದು, ಮೀಟಿಂಗಿನಲ್ಲೇ ಕಟ್ ಆಗ್ತದೆ.” “ಹೊಸದು ಅಂದರೆ ಸರಿ ಅಂತ ಅಲ್ಲವಲ್ಲ ಮಾರಾಯ, ನಡಿ ನೋಡುವಾ.”

ಕಂಪ್ಯೂಟರಿನವರ ವೈರು ನನಗೆ ಹೇಗೆ ಅರ್ಥವಾಗುತ್ತದೆ ಎಂದು ಅವರಿಗೆ ಅಚ್ಚರಿ. 1973ರ ಮೇ 22ರಂದು ಅಮೆರಿಕದ ಜೆರಾಕ್ಸ್ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್, ಕಂಪ್ಯೂಟರುಗಳನ್ನು ಜೋಡಿಸುವ ಈಥರ್‌ನೆಟ್ಟಿನ ಟಿಪ್ಪಣಿ ಬರೆದಾಗ ಅದು ಕೋ-ಆಕ್ಸಿಯಲ್ ಕೇಬಲ್ಲಿನ ಮಾತಾಗಿತ್ತು. ಮುಂದೆ ಬಂದ ದಪ್ಪ ಕೇಬಲ್ಲಿನಲ್ಲಿ 500 ಮೀಟರ್ ಓಡುತ್ತಿತ್ತು. 1990ರಲ್ಲಿ ಈಥರ್‌ನೆಟ್ಟಿನವರೂ ಟೆಲಿಫೋನಿನವರ ತಿರುಚಿದ ಜೋಡಿಗೇ ಇಳಿದು ಬಂದರು. 1881ರಲ್ಲಿ ಗ್ರಹಾಂ ಬೆಲ್ ಪೇಟೆಂಟ್ ಪಡೆದದ್ದು ಅದಕ್ಕೇ: ಹೊರಗಿನ ಗದ್ದಲ ಎರಡೂ ತಂತಿಗೆ ಸಮನಾಗಿ ತಗುಲಿ ತನಗೆ ತಾನೇ ವಜಾ ಆಗುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ಕೇಬಲ್ ತುದಿಯ ಕ್ಲಿಪ್ಪನ್ನು. ಅಲ್ಲಿ 13 ಮಿಲಿಮೀಟರಿಗಿಂತ ಹೆಚ್ಚು ತಿರುಚು ಬಿಚ್ಚಿದ್ದರೆ ಕತ್ತರಿಸಿ ಹೊಸದು ಹಾಕುತ್ತೇನೆ. ಸಾವಿರ ಮೆಗಾಬಿಟ್ ಓಡಬೇಕಾದದ್ದು ನೂರಕ್ಕೆ ನಿಂತಿದ್ದರೆ ಒಂದು ತಂತಿ ಸತ್ತಿದೆ ಎಂದೇ ಲೆಕ್ಕ. ನೂರಕ್ಕೆ ಎರಡು ಪೇರ್ ಸಾಕು, ಸಾವಿರಕ್ಕೆ ನಾಲ್ಕೂ ಬೇಕು. ಆಮೇಲೆ ಲ್ಯಾಪ್‌ಟಾಪನ್ನು ಮನೆಯ ರೂಟರಿಗೇ ಗಿಡ್ಡ ವೈರಿನಲ್ಲಿ ಸಿಕ್ಕಿಸುತ್ತೇನೆ. ಸರಿ ಓಡಿತೋ, ಫಾಲ್ಟು ತೋಟದ ಕಡೆಗೆ.

ಬಹಳ ಕಡೆ ಸಿಗುವುದು ತಾಮ್ರದ ಬಣ್ಣದ ಅಲ್ಯೂಮಿನಿಯಂ. ಚಾಕುವಿನಲ್ಲಿ ಕೆರೆದರೆ ಬಿಳಿ ಕಾಣುತ್ತದೆ. ಅಗ್ಗವೆಂದು ಕೊಂಡು, ಮನೆಯೊಳಗೆ ಹಾಕುವ ಈ ವೈರನ್ನು ಬಿಸಿಲಿಗೂ ಸೋಗೆಯ ತಂಡಿಗೂ ಬಿಟ್ಟರೆ ಎರಡು ಮಳೆ ಕಾಣುವುದಿಲ್ಲ. ಹೊರಗಿನದಕ್ಕೆ ಕಪ್ಪು ಹೊದಿಕೆಯ ಜೆಲ್ಲಿ ಕೇಬಲ್ಲೇ ಆಗಬೇಕು. ಇನ್ನು ದೂರ: ಒಂದು ಓಟಕ್ಕೆ 100 ಮೀಟರೇ ಮಿತಿ. ನಮ್ಮಲ್ಲಿ ಮನೆ ಗುಡ್ಡದ ಮೇಲೆ, ತೋಟ ಕಣಿವೆಯಲ್ಲಿ; ಅಳೆದರೆ ನೂರು ದಾಟಿಯೇ ಇರುತ್ತದೆ. ಏಪ್ರಿಲ್ ಗುಡುಗಿಗೆ ಎರಡೂ ತುದಿಯ ಪೋರ್ಟ್ ಸುಡುವುದು ಬೇರೆ.

ಅಂಥಲ್ಲಿ ನಾನೇ ಹೇಳುತ್ತೇನೆ, ತಾಮ್ರ ಬಿಡಿ, ಒಳಗೆ ಲೋಹದ ಸರಿಗೆಯಿಲ್ಲದ ಫೈಬರ್ ಹಾಕಿ ಎಂದು. ಗಾಜಿನೆಳೆಯಲ್ಲಿ ಸಿಡಿಲಿನ ವಿದ್ಯುತ್ತು ಹರಿಯುವುದಿಲ್ಲ, ನೂರು ಮೀಟರಿನ ಕಟ್ಟೂ ಇಲ್ಲ. ಅದು ತುಂಡಾದರೆ ಸೇರಿಸುವ ಯಂತ್ರ ನನ್ನ ಹತ್ತಿರ ಇಲ್ಲ, ಪೇಟೆಯಿಂದ ಹುಡುಗರು ಬರಬೇಕು. ಅವರೂ ಮೊದಲು ಕೇಳುವುದು, ನಡುವೆ ಎಲ್ಲಾದರೂ ಜಾಯಿಂಟ್ ಇದೆಯೇ ಎಂದು.