ಬೂಸ್ಟು ಹಿಡಿದ ಮೇವಿನಿಂದ ಎದೆಯ ಕವಾಟದವರೆಗೆ

ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯಂಥ ಊರಲ್ಲಿ ಗೋವಿನಜೋಳದ ಚೀಲ ಇದ್ದಲ್ಲಿ ಇಲಿ ಇದ್ದದ್ದೇ, ಇಲಿ ಪಾಷಾಣವೂ ಇದ್ದದ್ದೇ. ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ ಬಿಲ್ಲೆ ಮತ್ತು ಹೃದಯದ ಕವಾಟ ಬದಲಿಸಿಕೊಂಡವರು ದಿನಾ ನುಂಗುವ ‘ರಕ್ತ ತೆಳು ಮಾಡುವ ಗುಳಿಗೆ’ ಒಂದೇ ವಂಶದವು. ಹೆದರಿ ಗುಳಿಗೆ ಬಿಡಬೇಡಿ, ಮೊದಲು ಕಥೆ ಓದಿ.

ಕಥೆ ಶುರುವಾಗಿದ್ದು ದನದ ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ರೈತರ ದನಗಳು ಸಣ್ಣ ಗಾಯಕ್ಕೂ ರಕ್ತ ಸುರಿದು ಸಾಯತೊಡಗಿದವು. ಕೋಡು ಕತ್ತರಿಸಿದರೆ ರಕ್ತ ನಿಲ್ಲುತ್ತಿರಲಿಲ್ಲ. ಫ್ರಾಂಕ್ ಸ್ಕೋಫೀಲ್ಡ್ ಎಂಬ ಪಶುವೈದ್ಯರು ಕಾರಣ ಹಿಡಿದರು: ಸ್ವೀಟ್ ಕ್ಲೋವರ್ ಎಂಬ ಮೇವು ಬಣವೆಯಲ್ಲಿ ನೆನೆದು ಬೂಸ್ಟು ಹಿಡಿದಿತ್ತು. ಮೊಲಗಳಿಗೆ ಒಳ್ಳೆಯ ಮೇವನ್ನೂ ಕೆಟ್ಟ ಮೇವನ್ನೂ ಬೇರೆ ಬೇರೆಯಾಗಿ ತಿನ್ನಿಸಿ ನೋಡಿದಾಗ ಕೆಟ್ಟದ್ದು ತಿಂದವು ಮಾತ್ರ ಸತ್ತವು.

1933ರ ಫೆಬ್ರುವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಎಡ್ ಕಾರ್ಲ್ಸನ್ ಎಂಬ ರೈತ ಹಿಮಗಾಳಿಯಲ್ಲೇ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿ ಮ್ಯಾಡಿಸನ್ ವಿಶ್ವವಿದ್ಯಾಲಯಕ್ಕೆ ಬಂದ. ತಂದದ್ದು ಸತ್ತ ಕಡಸು, ಆ ಮೇವು, ಜೊತೆಗೆ ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ. ನಮಗೆ ಈ ಕಥೆಯ ನಾಯಕ ಅವನೇ. ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ತಂಡ ಆರು ವರ್ಷ ಮೇವು ಸೋಸಿ 1939ರಲ್ಲಿ ಆ ವಿಷವನ್ನು ಬೇರ್ಪಡಿಸಿತು. ಅದರಿಂದ ಬೆಳೆದದ್ದೇ ವಾರ್ಫರಿನ್. 1948ರಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ.

1951ರಲ್ಲಿ ಅಮೆರಿಕದ ಸೈನಿಕನೊಬ್ಬ ಅದನ್ನೇ ತಿಂದ. ಆಸ್ಪತ್ರೆಯಲ್ಲಿ ವಿಟಮಿನ್ ಕೆ ಕೊಟ್ಟರು, ಬದುಕಿದ. ವಿಷಕ್ಕೆ ಮದ್ದಿದೆ ಎಂದಾದ ಮೇಲೆ ಮನುಷ್ಯರಿಗೆ ಬಳಸುವ ಧೈರ್ಯ ಬಂತು, 1954ರಲ್ಲಿ ಅನುಮತಿಯೂ ಸಿಕ್ಕಿತು. ಎಲ್ಲ ಇಲಿ ಪಾಷಾಣಕ್ಕೂ ಹೀಗೆ ಮದ್ದಿದೆ ಎಂದುಕೊಳ್ಳಬೇಡಿ. ಹಳದಿ ರಂಜಕದ ಪೇಸ್ಟು ಬೇರೆಯೇ ವಿಷ, ಅದಕ್ಕೆ ಮದ್ದಿಲ್ಲ.

ನಿಜ ಹೇಳಬೇಕೆಂದರೆ ಈ ಗುಳಿಗೆ ರಕ್ತವನ್ನು ತೆಳು ಮಾಡುವುದೇ ಇಲ್ಲ. ರಕ್ತ ಹೆಪ್ಪುಗಟ್ಟಿಸುವ ವಸ್ತುಗಳಲ್ಲಿ ಕೆಲವನ್ನು ತಯಾರಿಸಲು ಯಕೃತ್ತಿಗೆ ವಿಟಮಿನ್ ಕೆ ಬೇಕು. ಗುಳಿಗೆ ಅಲ್ಲಿ ಅಡ್ಡ ನಿಲ್ಲುತ್ತದೆ. ಹಸಿರು ತಪ್ಪಲ ಪಲ್ಲೆಗಳಲ್ಲಿ ಆ ವಿಟಮಿನ್ ಹೆಚ್ಚು. ಅದಕ್ಕಾಗಿ ಪಲ್ಲೆ ಬಿಡಬೇಕಿಲ್ಲ. ಒಂದು ವಾರ ದಿನಾ ತಿಂದು, ಮುಂದಿನ ವಾರ ಪೂರ್ತಿ ಬಿಡುವುದು ತೊಂದರೆ.

ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಕವಾಟವನ್ನು ಮೊದಲು ಮನುಷ್ಯರಿಗೆ ಹಾಕಿದ್ದು 1990ರ ಡಿಸೆಂಬರಿನಲ್ಲಿ. ಚಿಕ್ಕಂದಿನ ಗಂಟಲು ಬೇನೆ, ಕೀಲು ಜ್ವರದಿಂದ ಕವಾಟ ಕೆಟ್ಟ ಎಷ್ಟೋ ಬಡವರು ಬೆಂಗಳೂರಿನ ಜಯದೇವದಂಥ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಬಂದಿದ್ದಾರೆ. ಲೋಹದ ಕವಾಟ ಇದ್ದವರಿಗೆ ಗುಳಿಗೆ ಜೀವನಪೂರ್ತಿ. ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವುದು ವಾರ್ಫರಿನ್ ಅಥವಾ ಅದರ ತಮ್ಮ ಅಸಿಟ್ರೋಮ್.

ಕಡಿಮೆಯಾದರೆ ಕವಾಟದ ಮೇಲೆ ಹೆಪ್ಪುಗಟ್ಟಿ ಲಕ್ವಾ ಹೊಡೆಯಬಹುದು, ಹೆಚ್ಚಾದರೆ ಮೆದುಳಲ್ಲೋ ಹೊಟ್ಟೆಯಲ್ಲೋ ರಕ್ತ ಸೋರಬಹುದು. ನಡುವಿನ ದಾರಿ ತಿಳಿಯುವುದು ರಕ್ತ ಪರೀಕ್ಷೆಯಿಂದ ಮಾತ್ರ. ಮೊದಲು ಒಂದೊಂದು ಲ್ಯಾಬಿನ ಲೆಕ್ಕ ಒಂದೊಂದು ಥರ ಇತ್ತು. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐಎನ್‌ಆರ್ ಎಂಬ ಒಂದೇ ಅಳತೆ ತಂದಿತು. ಗುಳಿಗೆ ತಿನ್ನದವರಲ್ಲಿ ಅದು ಸುಮಾರು 1. ತಿನ್ನುವವರಲ್ಲಿ ಸಾಮಾನ್ಯವಾಗಿ 2ರಿಂದ 3, ಕೆಲವು ಕವಾಟಗಳಿಗೆ 3.5ರವರೆಗೆ. ನಿಮ್ಮದು ಎಷ್ಟಿರಬೇಕೆಂದು ಡಾಕ್ಟರರಿಂದ ಪುಸ್ತಕದಲ್ಲಿ ಬರೆಸಿಕೊಳ್ಳಿ. ‘ಅರಾಮ ಅದೀನಿ, ಟೆಸ್ಟ್ ಯಾಕ?’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅಳತೆ ತಪ್ಪಿದ್ದು ಮೈಗೆ ಗೊತ್ತಾಗುವುದಿಲ್ಲ.

ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಸುಗ್ಗಿಯಲ್ಲಿ ಮೈಕೈ ನೋವೆಂದು ಅಂಗಡಿಯ ನೋವಿನ ಗುಳಿಗೆ, ಸೊಂಟಕ್ಕೆ ಇಂಜೆಕ್ಷನ್ ಬೇಡ. ಹಲ್ಲು ಕೀಳಿಸುವ ಮೊದಲೂ ಗುಳಿಗೆಯ ವಿಷಯ ಹೇಳಿ. ಕವಾಟ ಹಾಕಿಸಿಕೊಂಡ ಹೆಣ್ಣುಮಕ್ಕಳು ಬಸಿರಾಗುವ ಮೊದಲೇ ಡಾಕ್ಟರರನ್ನು ಕೇಳಬೇಕು, ಗುಳಿಗೆ ಹೊಟ್ಟೆಯ ಕೂಸಿಗೆ ಹಾನಿ ಮಾಡಬಲ್ಲದು. ಕಪ್ಪು ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ರಕ್ತ, ತಲೆಗೆ ಬಿದ್ದ ಪೆಟ್ಟು, ಇವಕ್ಕೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಈಚೆಗೆ ಪದೇ ಪದೇ ಪರೀಕ್ಷೆ ಬೇಡದ ಹೊಸ ಗುಳಿಗೆಗಳೂ ಬಂದಿವೆ. ಪಕ್ಕದ ಮನೆಯ ಅಜ್ಜ ಅದನ್ನೇ ನುಂಗುತ್ತಿರಬಹುದು, ಆದರೆ ಲೋಹದ ಕವಾಟದವರಿಗೆ ಅದು ಆಗಿಬರುವುದಿಲ್ಲ. ಡಬಿಗಾಟ್ರಾನ್ ಎಂಬ ಹೊಸ ಗುಳಿಗೆಯನ್ನು ಅಂಥವರಲ್ಲಿ ಪರೀಕ್ಷಿಸಿದಾಗ ಹೆಪ್ಪೂ ಹೆಚ್ಚಿತು, ರಕ್ತಸ್ರಾವವೂ ಹೆಚ್ಚಿತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು.