ಬಿಸಿಲಿನ ವಿಟಮಿನ್ನು, ಮೂಗಿನ ದುರ್ಮಾಂಸ: 200 ವರ್ಷದ ಕಥೆ ☀️

1/6
ಚಳ್ಳಕೆರೆ ಬಿಸಿಲು ಹೆಂಗಿರುತ್ತೆ ಅಂತ ನಿಮಗೆ ಹೇಳ್ಬೇಕಾ? ಆದ್ರೂ ನಮ್ಮಲ್ಲೇ ಎಷ್ಟೋ ಜನರ ರಿಪೋರ್ಟಲ್ಲಿ "ವಿಟಮಿನ್ ಡಿ ಕಮ್ಮಿ" ಅಂತ ಬರುತ್ತೆ. ಅದರ ಹಿಂದೇನೇ ಒಂದು ಸಲಹೆ: "ಸೈನಸ್ಸಾ? ಮೂಗಲ್ಲಿ ದುರ್ಮಾಂಸನಾ? ಡಿ ಪುಡಿ ತಗೋ, ಕರಗಿಹೋಗುತ್ತೆ." ನಿಜಾನಾ? ಸ್ವೈಪ್ ಮಾಡಿ 👉

2/6
ದುರ್ಮಾಂಸ ಹೊಸ ಕಾಯಿಲೆ ಅಲ್ಲ. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ "ನಾಸಾರ್ಶ" ಅನ್ನೋ ಹೆಸರಿದೆ. ಗ್ರೀಸ್‌ನಲ್ಲಿ ಹಿಪೊಕ್ರೆಟಿಸ್ ಕಾಲದವರು ಸ್ಪಂಜಿಗೆ ದಾರ ಕಟ್ಟಿ, ಮೂಗಿನಿಂದ ಬಾಯಿಗೆ ಎಳೆದು ಅದನ್ನ ಕೀಳ್ತಿದ್ರು. ನೆನೆಸಿಕೊಂಡ್ರೇ ಮೂಗು ಉರಿಯುತ್ತೆ 😖

3/6
ಡಿ ಕಥೆ ಶುರುವಾಗಿದ್ದು ಮೂಳೆಯಿಂದ. 1822ರಲ್ಲಿ ಪೋಲೆಂಡಿನ ವೈದ್ಯ ಶ್ನ್ಯಾದೆಟ್ಸ್ಕಿ ಒಂದು ವಿಷಯ ಗಮನಿಸಿದರು: ವಾರ್ಸಾ ನಗರದ ಮಕ್ಕಳಿಗೆ ಮೂಳೆ ಬಾಗುವ ರಿಕೆಟ್ಸ್ ಜಾಸ್ತಿ, ಹಳ್ಳಿ ಮಕ್ಕಳಿಗೆ ಕಮ್ಮಿ. ಕಾರಣ ಬಿಸಿಲು ಅಂದರು. 1919ರಲ್ಲಿ ಬರ್ಲಿನ್‌ನಲ್ಲಿ ಹುಲ್ಡ್‌ಶಿನ್ಸ್ಕಿ ದೀಪದ ನೇರಳಾತೀತ ಬೆಳಕಿನಿಂದಲೇ ಮಕ್ಕಳನ್ನ ಗುಣಪಡಿಸಿದರು. 1922ರಲ್ಲಿ ಅಮೆರಿಕದ ಮೆಕಾಲಂ ಕಾಡ್ ಮೀನಿನ ಎಣ್ಣೆಯಲ್ಲಿ ಆ ಅಂಶ ಬೇರೆಯಾಗಿಯೇ ಇದೆ ಅಂತ ತೋರಿಸಿದರು. ಎ, ಬಿ, ಸಿ ಆಗಲೇ ಹೋಗಿತ್ತು, ಇದಕ್ಕೆ ಡಿ ಸಿಕ್ತು!

4/6
ಈಗ ನಮ್ಮೂರಿಗೆ ಬನ್ನಿ. ಮೊಳಕಾಲ್ಮುರಿನ ರೇಷ್ಮೆ ಸೀರೆ ಹುಟ್ಟೋದು ಮನೆಯೊಳಗಿನ ಕೈಮಗ್ಗದಲ್ಲಿ. ಹೊರಗೆ ಕೆಂಡದಂಥ ಬಿಸಿಲಿದ್ರೂ, ದಿನವಿಡೀ ಒಳಗೆ ಕೂತವರ ಚರ್ಮಕ್ಕೆ ಅದು ತಾಗಲ್ಲ. ಕ್ಲಾಸು, ರೂಮು, ಫೋನು ಅಂತಿರೋ ನಮ್ಮ ಕಥೆಯೂ ಅದೇ. ಇನ್ನು ಚಳ್ಳಕೆರೆಯ ಶೇಂಗಾ ಎಣ್ಣೆ? ಅದರಲ್ಲಿ ಡಿ ಸಹಜವಾಗಿ ಇರಲ್ಲ, ಸೇರಿಸಿದ್ರೆ ಮಾತ್ರ. ಹಾಗೆ ಸೇರಿಸಿದ ಪ್ಯಾಕೆಟ್ ಮೇಲೆ "ಪ್ಲಸ್ ಎಫ್" ಗುರುತಿರುತ್ತೆ.

5/6
ಮೂಳೆಯ ವಿಟಮಿನ್ನು ಮೂಗಿಗೆ ಬಂದಿದ್ದು ಹೆಂಗೆ? 1980ರ ದಶಕದಲ್ಲಿ, ರೋಗದ ಜೊತೆ ಹೋರಾಡೋ ಬಿಳಿ ರಕ್ತಕಣಗಳೂ ಡಿ ಮಾತು ಕೇಳ್ತವೆ ಅಂತ ಗೊತ್ತಾಯ್ತು. ಆಮೇಲೆ ದುರ್ಮಾಂಸ ಇರೋರ ರಕ್ತ ನೋಡಿದ್ರೆ, ಹಲವು ಅಧ್ಯಯನಗಳಲ್ಲಿ ಡಿ ಕಮ್ಮಿ ಸಿಕ್ತು. ಆದ್ರೆ ಬಿಕಾಂ ಗೆಳೆಯರೇ, ಸ್ಟ್ಯಾಟಿಸ್ಟಿಕ್ಸಲ್ಲಿ ಕೋರಿಲೇಷನ್ ಓದಿದ್ದೀವಲ್ಲ? ಎರಡು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ. ಡಿ ಕೊಟ್ಟು ನೋಡಿದ ಪ್ರಯೋಗಗಳು ಚಿಕ್ಕವು. ಕೆಲವದರಲ್ಲಿ ಸ್ವಲ್ಪ ಅನುಕೂಲ ಕಂಡಿದೆ, ಅದೂ ಮಾಮೂಲಿ ಚಿಕಿತ್ಸೆ ಜೊತೆಗೆ ಕೊಟ್ಟಾಗ. ರಿಕೆಟ್ಸ್ ವಿಷಯದಲ್ಲಿ ಸಿಕ್ಕಂಥ ಗಟ್ಟಿ ಸಾಕ್ಷಿ ಇಲ್ಲಿನ್ನೂ ಸಿಕ್ಕಿಲ್ಲ.

6/6
ಈಗ ಲೆಕ್ಕ ಹಾಕಿ. ನಮಗೆ ದಿನಕ್ಕೆ ಬೇಕಿರೋ ಡಿ ಸುಮಾರು 600 ಯೂನಿಟ್. ಮೆಡಿಕಲ್ ಶಾಪಿನ ಒಂದು ಪುಡಿ ಪೊಟ್ಟಣದಲ್ಲಿ 60,000, ಅಂದ್ರೆ 100 ದಿನದ್ದು! ಕೊರತೆ ಇರೋರಿಗೆ ಡಾಕ್ಟರು ಸಾಮಾನ್ಯವಾಗಿ ವಾರಕ್ಕೊಂದರಂತೆ, ಕೆಲವು ವಾರ ಮಾತ್ರ ಬರೀತಾರೆ. "ಬೇಗ ಕರಗಲಿ" ಅಂತ ದಿನಾ ತಗೊಂಡ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಪೆಟ್ಟು.

ಕೊರತೆ ಇದ್ರೆ ಸರಿಮಾಡ್ಕೊಳ್ಳಿ, ಮೂಳೆಗಾದ್ರೂ ಬೇಕೇ ಬೇಕು. ಆದ್ರೆ ದುರ್ಮಾಂಸಕ್ಕೆ ಇವತ್ತಿಗೂ ಮೊದಲ ಮದ್ದು ಉಪ್ಪುನೀರಲ್ಲಿ ಮೂಗು ತೊಳೆಯೋದು (ಕುದಿಸಿ ಆರಿಸಿದ ನೀರು!) ಮತ್ತು ಡಾಕ್ಟರು ಬರೆದ ಸ್ಟೀರಾಯ್ಡ್ ಸ್ಪ್ರೇ. ಅದಕ್ಕೂ ಬಗ್ಗದಿದ್ರೆ ಎಂಡೋಸ್ಕೋಪ್ ಆಪರೇಷನ್. ಒಂದೇ ಹೊಳ್ಳೆ ಕಟ್ಟಿ ರಕ್ತ ಬರ್ತಿದ್ರೆ ತಡ ಮಾಡ್ದೆ ಇಎನ್‌ಟಿ ಡಾಕ್ಟರ ಹತ್ರ ಹೋಗಿ.

ಮನೇಲಿ ಪುಡಿ ಡಬ್ಬಿ ಇಟ್ಕೊಂಡಿರೋ ಅತ್ತೆ, ಮಾವ, ದೊಡ್ಡಮ್ಮಂಗೆ ಇದನ್ನ ಓದಿ ಹೇಳಿ 🙏

#ಚಳ್ಳಕೆರೆ #ಮೊಳಕಾಲ್ಮುರು #ವಿಟಮಿನ್‌ಡಿ #ಇತಿಹಾಸ